ಮಾತ್ರೆ, ಸ್ವರ, ಉಚ್ಚಾರ: ಜಪಾನಿ ಜನಪ್ರಿಯ ಗೀತೆಯ ಒಂದು ಪರಿಶೀಲನೆ

ಹಾಡುಗಾರರಿಂದ ಭಾಷೆ ಕೆಡುತ್ತದೆ ಎಂಬ ಆಕ್ಷೇಪ ಇಪ್ಪತ್ತನೆಯ ಶತಮಾನದ ಜಪಾನಿನಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಇದನ್ನು ಶುದ್ಧಾಶುದ್ಧಗಳ ಪ್ರಶ್ನೆಯೆಂದು ಭಾವಿಸದೆ, ಮಾತಿನ ಕಾಲಮಾನಕ್ಕೂ ಸಂಗೀತದ ಕಾಲಮಾನಕ್ಕೂ ಇರುವ ಸಂಬಂಧವೆಂದು ನೋಡಬೇಕೆಂಬುದು ಪ್ರಸ್ತುತ ಲೇಖನದ ನಿಲುವು.

ಜಪಾನಿ ಉಚ್ಚಾರಣೆಯ ಮೂಲ ಘಟಕ ಮಾತ್ರೆ. ಕನ್ನಡ ಛಂದಸ್ಸನ್ನು ಬಲ್ಲವರಿಗೆ ಈ ಕಲ್ಪನೆ ಅಪರಿಚಿತವಲ್ಲ. 'ನಿಪ್ಪೊನ್' ಎಂಬ ಪದ ನಮ್ಮ ಲೆಕ್ಕದಲ್ಲಿ ಎರಡು ಗುರು, ಅಂದರೆ ನಾಲ್ಕು ಮಾತ್ರೆ, ಜಪಾನಿಯಲ್ಲಿಯೂ ನಾಲ್ಕೇ. ವ್ಯತ್ಯಾಸವಿರುವುದು ವಿಭಜನೆಯಲ್ಲಿ. ನಮ್ಮಲ್ಲಿ ದ್ವಿತ್ವದ ಮೊದಲ ವ್ಯಂಜನ ಹಿಂದಿನ ಅಕ್ಷರವನ್ನು ಗುರುವಾಗಿಸಿ ಅದರಲ್ಲಿಯೇ ಸೇರಿಹೋಗುತ್ತದೆ. ಜಪಾನಿಯಲ್ಲಿ ಅದೂ, ಕೊನೆಯ ಅನುನಾಸಿಕವೂ ಒಂದೊಂದು ಸ್ವತಂತ್ರ ಮಾತ್ರೆ. ಹಾಡಿನಲ್ಲಿ ಅವು ಪ್ರತ್ಯೇಕ ಸ್ವರವನ್ನು ಬೇಡಬಲ್ಲವು. ಇದರೊಂದಿಗೆ ಧ್ವನಿಯ ಏರಿಳಿತವೂ ಅರ್ಥವನ್ನು ನಿರ್ಧರಿಸುತ್ತದೆ. ಟೋಕಿಯೊ ಮಾತಿನಲ್ಲಿ 'ಅಮೆ' ಪದದ ಮೊದಲ ಭಾಗ ಎತ್ತರದಲ್ಲಿದ್ದರೆ ಮಳೆ, ಎರಡನೆಯದು ಎತ್ತರದಲ್ಲಿದ್ದರೆ ಮಿಠಾಯಿ.

ಸಂಗೀತ ಸಂಯೋಜಕ ಯಾಮಾದಾ ಕೋಸಾಕು (1886–1965) ಮಾತ್ರೆಗೊಂದು ಸ್ವರ, ಮಾತಿನ ಏರಿಳಿತಕ್ಕೆ ತಕ್ಕ ರಾಗಗತಿ ಎಂಬ ತತ್ತ್ವವನ್ನು ಪ್ರತಿಪಾದಿಸಿದರು. 1927ರಲ್ಲಿ ಅವರು ಸಂಯೋಜಿಸಿದ 'ಅಕಾತೊಂಬೊ' ಇದಕ್ಕೆ ಪ್ರಸಿದ್ಧ ನಿದರ್ಶನ. ಆದರೆ ಇಂದಿನ ಟೋಕಿಯೊ ಜನ ಆ ಪದವನ್ನು ಉಚ್ಚರಿಸುವ ಏರಿಳಿತ ಬೇರೆಯಾಗಿದೆ. ಹಾಡು ಹಳೆಯ ಉಚ್ಚಾರವನ್ನು ಉಳಿಸಿಕೊಂಡಿದೆ, ಮಾತು ಮುಂದೆ ಸರಿದಿದೆ. ಹಾಡುಗಾರಿಕೆಯನ್ನು ಅಳೆಯುವ 'ಸರಿಯಾದ ಉಚ್ಚಾರ'ವೇ ಸ್ಥಿರವಲ್ಲ ಎಂಬುದು ಇಲ್ಲಿ ಗಮನಾರ್ಹ.

1961ರಲ್ಲಿ ಸಾಕಾಮೋತೊ ಕ್ಯೂ 'ಉಎ ಒ ಮುಯಿತೆ ಅರುಕೋ' ಹಾಡನ್ನು ಹಾಡಿದರು. ಅವರು ಸ್ವರಾಕ್ಷರಗಳನ್ನು ಒಡೆದು, ನಡುವೆ ಹಕಾರದಂತಹ ಉಸಿರನ್ನು ಸೇರಿಸಿದ ರೀತಿ ಗೀತರಚನಕಾರ ಎಯ್ ರೊಕುಸುಕೆ ಅವರಿಗೆ ಆರಂಭದಲ್ಲಿ ಹಿಡಿಸಲಿಲ್ಲ. ಅದೇ ಹಾಡು 1963ರಲ್ಲಿ 'ಸುಕಿಯಾಕಿ' ಎಂಬ ಸಂಬಂಧವಿಲ್ಲದ ಹೆಸರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ರಚನಕಾರ ದೋಷವೆಂದು ಕೇಳಿದ್ದು ಹಾಡಿನ ಗುರುತೇ ಆಯಿತು.

1970ರ ಸುಮಾರಿಗೆ ವಾದ ಸೈದ್ಧಾಂತಿಕ ರೂಪ ಪಡೆಯಿತು. ಜಪಾನಿ ಭಾಷೆ ರಾಕ್ ಸಂಗೀತದ ಲಯಕ್ಕೆ ಒಗ್ಗದು ಎಂದು ಉಚಿದಾ ಯೂಯಾ ಮೊದಲಾದವರು ವಾದಿಸಿದರು. ಹ್ಯಾಪಿ ಎಂಡ್ ತಂಡ 1971ರ 'ಕಾಜೆಮಾಚಿ ರೋಮನ್' ಧ್ವನಿಮುದ್ರಿಕೆಯಲ್ಲಿ ಮಾತ್ಸುಮೊತೊ ತಾಕಾಶಿ ಅವರ ಜಪಾನಿ ಗೀತೆಗಳ ಮೂಲಕವೇ ಉತ್ತರ ನೀಡಿತು. 1978ರಲ್ಲಿ ಸದರ್ನ್ ಆಲ್ ಸ್ಟಾರ್ಸ್ ತಂಡದೊಂದಿಗೆ ಬಂದ ಕುವಾತಾ ಕೇಯ್ಸುಕೆ ಇನ್ನೂ ಮುಂದೆ ಹೋಗಿ, ಹಲವು ಮಾತ್ರೆಗಳನ್ನು ಒಂದೇ ಸ್ವರದಲ್ಲಿ ಅಡಕಿ ಇಂಗ್ಲಿಷಿನ ಛಾಯೆಯಲ್ಲಿ ಹಾಡಿದರು.

ಈ ಬಗೆಯ ಗಾಯನವನ್ನು ವಿಕೃತಿ ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಟೋಕಿಯೊ ಮಾತಿನಲ್ಲಿ 'ಸುಕಿ' ಪದದ ಉಕಾರ ಬಹುಮಟ್ಟಿಗೆ ನಾದವಿಲ್ಲದೆ ಅಡಗಿರುತ್ತದೆ. ಮಾತ್ರೆಗೊಂದು ಸ್ವರ ಕೊಟ್ಟು ಹಾಡಿದಾಗ ಅದು ಪೂರ್ಣವಾಗಿ ಮೊಳಗಬೇಕಾಗುತ್ತದೆ. ಅಂದರೆ ಸಾಂಪ್ರದಾಯಿಕವಾದ 'ಶುದ್ಧ' ಗಾಯನವೂ ಮಾತಿನ ಪ್ರತಿರೂಪವಲ್ಲ. ಒಗ್ಗದೆ ಉಳಿದದ್ದು ಭಾಷೆಯಲ್ಲ, ಮಾತ್ರೆಗೊಂದು ಸ್ವರವೆಂಬ ರೂಢಿ. ಹಾಗೆಂದು ಎಲ್ಲ ಬದಲಾವಣೆಯೂ ಲಾಭವೆನ್ನಲಾಗದು. ಏರಿಳಿತ ಅಳಿದಾಗ ಮಳೆ ಮತ್ತು ಮಿಠಾಯಿಗಳನ್ನು ಸಂದರ್ಭವೊಂದೇ ಬೇರ್ಪಡಿಸಬೇಕಾಗುತ್ತದೆ.

ಜಾನಪದ ಅಧ್ಯಯನಕ್ಕೆ ಇಲ್ಲಿ ಒಂದು ಪಾಠವಿದೆ. ಅಂಶಗಣದ ತ್ರಿಪದಿಯನ್ನು ಹಾಡುವ ಹೆಣ್ಣುಮಗಳು ಅಕ್ಷರಗಳನ್ನು ಹಿಗ್ಗಿಸಿ ಕುಗ್ಗಿಸುತ್ತಾಳೆ. ಅಚ್ಚಿನ ಸಂಕಲನಗಳಲ್ಲಿ ನಾವು ಅವನ್ನು ಬರಹದ ರೂಪಕ್ಕೆ ತಿದ್ದಿ ಕೊಡುತ್ತ ಬಂದಿದ್ದೇವೆ. ಎಯ್ ಅವರ ಲಿಖಿತ ಪಠ್ಯವಷ್ಟೇ ಉಳಿದಿದ್ದರೆ ಸಾಕಾಮೋತೊ ಏನು ಮಾಡಿದರೆಂಬುದು ನಮಗೆ ತಿಳಿಯುತ್ತಿರಲಿಲ್ಲ. ಧ್ವನಿಮುದ್ರಣವಿಲ್ಲದೆ ಮುದ್ರಿತವಾದ ನಮ್ಮ ಸಾವಿರಾರು ಹಾಡುಗಳ ಸ್ಥಿತಿ ಇದೇ ಆಗಿದೆ.