ತಲೆಯಾಡಿಸುವ ಸೋಫಿ

ಹೋದ ಬೇಸಿಗೆ ರಜೆಯಲ್ಲಿ ಪುಣೆಯ ನಮ್ಮ ಮನೆಯಲ್ಲಿ, ಒಂಬತ್ತನೇ ಕ್ಲಾಸಿನ ಮಗಳ ಕೈಗೆ 'ಸೋಫೀಸ್ ವರ್ಲ್ಡ್' ಕೊಟ್ಟೆ. ಎಂಟೆಕ್ ಮುಗಿಸುವವರೆಗೂ ನಾನು ತತ್ತ್ವಶಾಸ್ತ್ರದ ಒಂದು ಪಾಠವನ್ನೂ ಕೇಳಿದವನಲ್ಲ. ಅವಳಿಗಾದರೂ ಆ ಕೊರತೆ ಇರಬಾರದು ಎಂಬ ಆಸೆ. ಎರಡು ವಾರ ಬಿಟ್ಟು ಕೇಳಿದಳು: "ಅಪ್ಪಾ, ಈ ಸೋಫಿ ಯಾಕೆ ಎಲ್ಲದಕ್ಕೂ ತಲೆಯಾಡಿಸ್ತಾಳೆ?"

ಹೈಸ್ಕೂಲಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ನಾರ್ವೆಯ ಯೂಸ್ಟೈನ್ ಗಾರ್ಡರ್ 1991ರಲ್ಲಿ ಪ್ರಕಟಿಸಿದ ಕಾದಂಬರಿ ಇದು. ಹದಿನೈದು ತುಂಬಲಿರುವ ಸೋಫಿಗೆ ಅಂಚೆಪೆಟ್ಟಿಗೆಯಲ್ಲಿ ಚೀಟಿಗಳು ಸಿಗುತ್ತವೆ: ನೀನು ಯಾರು, ಜಗತ್ತು ಎಲ್ಲಿಂದ ಬಂತು ಎಂದು ಕೇಳುವಂಥವು. ಮುಂದೆ ಆಲ್ಬರ್ಟೊ ನಾಕ್ಸ್ ಎಂಬ ಮೇಷ್ಟ್ರು ಪ್ರಾಚೀನ ಗ್ರೀಕರಿಂದ ಸಾರ್ತ್ರ್‌ವರೆಗೆ ಪಾಠ ಮಾಡುತ್ತಾನೆ. ಡೆಮಾಕ್ರಿಟಸನ ಪರಮಾಣುಗಳನ್ನು ಲೆಗೋ ತುಂಡುಗಳಿಂದ ಅರ್ಥ ಮಾಡಿಸುವ ಭಾಗ ಓದಿದಾಗ, ನಮಗೂ ಇಂಥವರೊಬ್ಬರು ಸಿಕ್ಕಿದ್ದರೆ ಅನ್ನಿಸಿತು.

ಆದರೂ ಮಗಳ ತಕರಾರು ನ್ಯಾಯವಾದದ್ದೇ. ಆಲ್ಬರ್ಟೊ ಪುಟಗಟ್ಟಲೆ ಮಾತಾಡುತ್ತಾನೆ, ಸೋಫಿ ನಡುನಡುವೆ ಒಂದು ಸಾಲು ಸೇರಿಸುತ್ತಾಳೆ. ನನ್ನ ಸ್ಟೇಟಸ್ ಮೀಟಿಂಗುಗಳೂ ಹೀಗೇ. ಎಲ್ಲರೂ ಹೌದು ಅಂದ ವಾರವೇ ಪ್ರಾಜೆಕ್ಟ್ ಕೈಕೊಡುವುದು. ಪ್ಲೇಟೋನ ಸಂವಾದಗಳಲ್ಲೂ ತಲೆಯಾಡಿಸುವವರಿದ್ದಾರೆ ನಿಜ, ಆದರೆ ಸಾಕ್ರಟೀಸನ ಮೇಲೆ ಹರಿಹಾಯುವ ಥ್ರಾಸಿಮ್ಯಾಕಸನೂ ಅಲ್ಲಿದ್ದಾನೆ. ಭಾರತಕ್ಕೆ ಪುಸ್ತಕದಲ್ಲಿ ಸಿಕ್ಕ ಜಾಗ ಕಡಿಮೆ. ಹ್ಯೂಮನ ಪಾಠದಲ್ಲಿ ಬುದ್ಧ ಹೀಗೆ ಬಂದು ಹಾಗೆ ಹೋಗುತ್ತಾನೆ. ನನ್ನ ದೂರು ಅದಲ್ಲ. ನನಗೆ ನೆನಪಾದದ್ದು ನಚಿಕೇತ. ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದವನು, ಆನೆ, ಕುದುರೆ, ಚಿನ್ನ ಕೊಡುತ್ತೇನೆ ಅಂದರೂ ಪ್ರಶ್ನೆ ಬಿಡದವನು. ಸೋಫಿಗೋ ಉತ್ತರ ಲಕೋಟೆಯಲ್ಲೇ ಬರುತ್ತದೆ.

"ಬರ್ಕ್ಲಿವರೆಗೆ ಓದು" ಅಂದೆ. ಅಲ್ಲಿ ಕಾದಂಬರಿ ಮಗ್ಗುಲು ಬದಲಿಸುತ್ತದೆ. ತಾನು ಒಬ್ಬ ಮೇಜರ್ ತನ್ನ ಮಗಳು ಹಿಲ್ಡಳ ಹುಟ್ಟುಹಬ್ಬಕ್ಕೆಂದು ಬರೆದ ಕಥೆಯ ಪಾತ್ರವಷ್ಟೇ ಎಂದು ಸೋಫಿಗೆ ತಿಳಿಯುತ್ತದೆ. ಇರವೆಂದರೆ ಇನ್ನೊಬ್ಬರ ಅರಿವಿನಲ್ಲಿರುವುದೇ ಎಂಬ ವಾದ ಅವಳ ಜೀವಕ್ಕೇ ಬಂದಾಗ, ತಲೆಯಾಡಿಸುವುದು ನಿಂತು ತಪ್ಪಿಸಿಕೊಳ್ಳುವ ಹಂಚಿಕೆ ಶುರುವಾಗುತ್ತದೆ. ಓದುತ್ತಿರುವ ಹಿಲ್ಡಳೂ ಸೋಫಿಯ ಪಕ್ಷ ವಹಿಸಿ, ಮನೆಗೆ ಮರಳುವ ಅಪ್ಪನನ್ನು ವಿಮಾನ ನಿಲ್ದಾಣದಲ್ಲಿ ಚೀಟಿಗಳಿಂದ ಆಟವಾಡಿಸುತ್ತಾಳೆ. ಕೋರ್ಸ್ ಗೆದ್ದದ್ದು ಆಲ್ಬರ್ಟೊನ ಉಪನ್ಯಾಸಗಳಲ್ಲಲ್ಲ, ಇಲ್ಲಿ. ಅರ್ಧ ಪುಸ್ತಕ ತಡವಾಗಿ, ಅಷ್ಟೇ.

ಮಗಳು ಮುಗಿಸಿದಳು. ಮೊನ್ನೆ ಊಟದ ಹೊತ್ತಿನಲ್ಲಿ, ಹತ್ತರ ನಂತರ ಸೈನ್ಸೇ ತಗೋ ಅಂದೆ. "ಯಾಕೆ?" ಅಂದಳು. ನನ್ನ ಹತ್ತಿರ ಇದ್ದದ್ದು ಲಕೋಟೆಯ ಉತ್ತರ, ಕೊಡಲಿಲ್ಲ. ಬೇರೆಯದನ್ನು ಇನ್ನೂ ಹುಡುಕುತ್ತಿದ್ದೇನೆ.