ಕೊಡುವವರ ಮನಸ್ಸು, ಕೇಳುವವರ ಹಕ್ಕು

ಉಳ್ಳವರು ಮನಸಾರೆ ಭೂಹೀನರಿಗೆ ನೆಲ ಕೊಡಲಿ ಎಂದ ವಿನೋಬಾ ಭಾವೆಯವರ ಭೂದಾನ ಚಳವಳಿ ಸೋತಿತು ಎನ್ನುವುದು ಈಗ ಎಲ್ಲರೂ ಒಪ್ಪಿಕೊಂಡ ಮಾತು. ಯಾಕೆ ಸೋತಿತು ಎಂದರೆ ಮಾತ್ರ ಜಮೀನ್ದಾರರ ದುರಾಸೆ, ಸರ್ಕಾರದ ಉದಾಸೀನ ಎಂಬ ಸಿದ್ಧ ಉತ್ತರಗಳೇ ಬರುತ್ತವೆ. ನನ್ನ ಮಟ್ಟಿಗೆ ದೋಷವಿದ್ದದ್ದು ಭೂದಾನದ ಹಿಂದಿದ್ದ ಸರ್ವೋದಯದ ನೀತಿಯೊಳಗೇ. ಕೊಡುವವನ ಅಂತಃಕರಣವನ್ನು ಅದು ಚಿಂತಿಸಿದಷ್ಟು ಆಳವಾಗಿ, ಪಡೆಯುವವನ ಬಲವನ್ನು ಚಿಂತಿಸಲಿಲ್ಲ.

1951ರ ಏಪ್ರಿಲ್. ತೆಲಂಗಾಣದಲ್ಲಿ ಕಮ್ಯುನಿಸ್ಟರ ಸಶಸ್ತ್ರ ಹೋರಾಟದ ಬಿಸಿ ಆರಿರಲಿಲ್ಲ. ಪೋಚಂಪಳ್ಳಿಯ ದಲಿತ ಕುಟುಂಬಗಳು ವಿನೋಬಾರ ಮುಂದೆ 80 ಎಕರೆ ಕೇಳಿದವು. ಜಮೀನ್ದಾರ ರಾಮಚಂದ್ರ ರೆಡ್ಡಿ 100 ಎಕರೆ ಕೊಡುತ್ತೇನೆಂದರು. ಆ ಗಳಿಗೆ ದೊಡ್ಡದು. ಅದನ್ನು ನಂಬಿ ವರ್ಷಗಟ್ಟಲೆ ದೇಶವನ್ನು ಕಾಲ್ನಡಿಗೆಯಲ್ಲಿ ಸುತ್ತಿದ ವಿನೋಬಾರ ತಪಸ್ಸೂ ದೊಡ್ಡದು. ಆದರೆ ಚಳವಳಿಯ ಕಥೆಯಲ್ಲಿ ಹೆಸರು ಉಳಿದದ್ದು ಕೊಟ್ಟವರದು, ಕೇಳಿದವರದಲ್ಲ. 5 ಕೋಟಿ ಎಕರೆಯ ಗುರಿಗೆ ಬಂದದ್ದು ಸುಮಾರು 40 ಲಕ್ಷ. ಅದರಲ್ಲೂ ಬಂಜರು, ವ್ಯಾಜ್ಯದ ನೆಲ ಬಹಳ. ಹಂಚದೆ ಉಳಿದದ್ದೂ ಬಹಳ. ದಾನಪತ್ರಕ್ಕೆ ಸಹಿ ಬಿದ್ದ ಮೇಲೆ ಅಳತೆ, ಖಾತೆ ಬದಲಾವಣೆ, ಎತ್ತು, ಬಿತ್ತನೆ ಬೀಜ ಎಂದು ಕೆಲಸ ಶುರುವಾಗುವ ಹೊತ್ತಿಗೆ ಪಾದಯಾತ್ರೆ ಮುಂದಿನ ಊರು ಸೇರಿರುತ್ತಿತ್ತು. 1957ರಲ್ಲಿ ಮೈಸೂರಿನ ಹತ್ತಿರದ ಯಲವಾಲದಲ್ಲಿ ನೆಹರೂ, ಕಮ್ಯುನಿಸ್ಟ್ ನಾಯಕ ನಂಬೂದಿರಿಪಾಡ್ ಆದಿಯಾಗಿ ಹಲವು ಪಕ್ಷದವರು, ಇಡೀ ಊರಿನ ನೆಲವನ್ನು ಸಮುದಾಯಕ್ಕೆ ಒಪ್ಪಿಸುವ ಗ್ರಾಮದಾನವನ್ನು ಹರಸಿದರು. ಹರಕೆಗೇನೂ ಕೊರತೆ ಇರಲಿಲ್ಲ.

ಪೋಚಂಪಳ್ಳಿಯ ದಾನ ನಡೆದ ಆ ತಿಂಗಳಲ್ಲೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಸಮುದಾಯದ ಒಕ್ಕಲುಗಳು ಇನ್ನೊಂದು ದಾರಿ ತುಳಿದರು. ಅವರ ತಕರಾರು ಕೊಳಗದ್ದು. ಕಣದಲ್ಲಿ ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ನ್ಯಾಯವಾದ ಅಳತೆಗಿಂತ ದೊಡ್ಡದು. ಒಂದೊಂದು ಕೊಳಗ ತುಂಬಿದಾಗಲೂ ಒಂದಿಷ್ಟು ಭತ್ತ ಒಕ್ಕಲಿನ ರಾಶಿಯಿಂದ ಹೆಚ್ಚಾಗಿ ಹೋಗುತ್ತಿತ್ತು. ಒಡೆಯರ ಮನಸ್ಸು ಕರಗಲಿ ಎಂದು ಅವರು ಕಾಯಲಿಲ್ಲ. ಅಳತೆ ಸರಿಯಾಗಬೇಕು ಎಂದರು. ಎಚ್. ಗಣಪತಿಯಪ್ಪ ಸಂಘಟಿಸಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಮರುವರ್ಷ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಕಾಗೋಡಿನದೂ ಸತ್ಯಾಗ್ರಹವೇ, ಗಾಂಧಿಯ ದಾರಿಯೇ. ಹಾಗಾಗಿ ಭೂದಾನದ ಸೋಲನ್ನು ಅಹಿಂಸೆಯ ತಲೆಗೆ ಕಟ್ಟುವುದು ಅನ್ಯಾಯ. ಕಾಗೋಡಿನಲ್ಲಿ ಎದ್ದ ಗೇಣಿದಾರನ ದನಿಗೆ ಮುಂದೆ ಕಾನೂನಿನ ಬಲವೂ ಬಂತು: ಮುಖ್ಯಮಂತ್ರಿ ದೇವರಾಜ ಅರಸರ ಕಾಲದ 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿದಾರ ತನ್ನ ಹಕ್ಕು ಕೋರುವ ನಮೂನೆ 7 ತುಂಬಿ, ಭೂನ್ಯಾಯಮಂಡಳಿಯಲ್ಲಿ ಒಡೆಯನ ಎದುರೇ ನಿಂತು, ಈ ಗದ್ದೆ ಉತ್ತವನು ನಾನು ಎನ್ನಬಹುದಾಯಿತು. ಹಾಗೆ ಎದುರು ನಿಂತು ಹೇಳುವ ಧೈರ್ಯವನ್ನು ಯಾವ ದಾನಪತ್ರವೂ ಕೊಡಲಾರದು.

ಆದರೆ ಕಾಗೋಡಿನ ಪರಂಪರೆಯನ್ನೂ ಪೂರ್ತಿ ಮೆಚ್ಚಲಾರೆ. ಅದು ಗೇಣಿದಾರನ ಹಕ್ಕಿನಿಂದ ಹುಟ್ಟಿದ್ದು. ಗೇಣಿಯೂ ಇಲ್ಲದೆ ಬರೀ ಕೂಲಿಗೆ ದುಡಿದ ದಲಿತನಿಗೆ ನಮೂನೆ 7ರಲ್ಲಿ ಬರೆಯಲು ಸರ್ವೆ ನಂಬರೇ ಇರಲಿಲ್ಲ. ಅವನಿಗೆ ಬಂದದ್ದು ಹೆಚ್ಚಾಗಿ ಸರ್ಕಾರ ಮಂಜೂರು ಮಾಡಿದ ತುಂಡು ಭೂಮಿ. ಸಾಲಕ್ಕೋ ಬೆದರಿಕೆಗೋ ಅದೂ ಕೈಬಿಟ್ಟು ಹೋಗುತ್ತಿತ್ತು. ಅಂಥ ಪರಭಾರೆ ತಡೆಯಲೆಂದೇ 1978ರ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧ ಕಾಯ್ದೆ) ಬಂತು. ಜಮೀನು ಮರಳಿ ಕೊಡಿಸಿ ಎಂದು ತಡವಾಗಿ ಅರ್ಜಿ ಹಾಕಿದಿರಿ ಎಂಬ ಕಾರಣಕ್ಕೆ ನ್ಯಾಯಾಲಯಗಳಲ್ಲಿ ಪ್ರಕರಣಗಳು ಬಿದ್ದುಹೋಗತೊಡಗಿದಾಗ ದಲಿತ ಸಂಘಟನೆಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತವು. ಕಾಲಮಿತಿಯನ್ನು ತೆಗೆದುಹಾಕುವ ತಿದ್ದುಪಡಿ 2023ರಲ್ಲಿ ಬಂತು.