ವಾಕರ್ ಸೋದರಿಯರ ಮನೆಯೂ ಲೂಯಿಸಾ ವಾಕರಳ ಪದ್ಯವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಟೆನೆಸೀಯಲ್ಲಿ, ಗ್ರೇಟ್ ಸ್ಮೋಕಿ ಪರ್ವತಗಳ ರಾಷ್ಟ್ರೀಯ ವನದೊಳಗೆ, ವಾಕರ್ ಸೋದರಿಯರ ಮನೆಯೆಂದು ಹೆಸರಾದ ಹಳೆಯ ಒಕ್ಕಲುಮನೆಯೊಂದು ರಕ್ಷಿತವಾಗಿದೆ. ಮರದ ದಿಮ್ಮಿಗಳನ್ನು ಕೆತ್ತಿ ಒಂದರ ಮೇಲೊಂದು ಹೊಂದಿಸಿ ಕಟ್ಟಿದ ಮನೆ, ಬುಗ್ಗೆಯ ನೀರಿನಲ್ಲಿ ಹಾಲುಬೆಣ್ಣೆಗಳನ್ನು ತಣ್ಣಗಿರಿಸುತ್ತಿದ್ದ ಸಣ್ಣ ಕಟ್ಟಡ, ಮುಸುಕಿನ ಜೋಳದ ಕಣಜ, ಇಷ್ಟು ಇಂದಿಗೂ ನಿಂತಿವೆ. 1946ರಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯು ಈ ಸೋದರಿಯರನ್ನು ಕುರಿತ ಲೇಖನಕ್ಕೆ, ಇಲ್ಲಿ ಕಾಲವೇ ನಿಂತುಹೋಯಿತೆಂಬ ಅರ್ಥದ ತಲೆಬರಹವನ್ನು ಕೊಟ್ಟಿತು. ಈ ಮಾತು ಮನೋಹರವಾದರೂ ಸತ್ಯಕ್ಕೆ ದೂರ. ಗೋಡೆಗಳ ಒಳಮೈಗೆ ಅಂಟಿಸಿದ್ದ ವೃತ್ತಪತ್ರಿಕೆಯ ಹಾಳೆಗಳೇ ಅದನ್ನು ಅಲ್ಲಗಳೆಯುತ್ತಿದ್ದುವು. ಅಲ್ಲದೆ, ಲೇಖನ ಬರುವುದಕ್ಕೆ ಐದು ವರ್ಷ ಮೊದಲೇ, 1941ರಲ್ಲಿ, ಐವರು ಸೋದರಿಯರು 4,750 ಡಾಲರಿಗೆ ಭೂಮಿಯನ್ನು ವನಕ್ಕೆ ಬಿಟ್ಟುಕೊಟ್ಟು, ಜೀವವಿರುವವರೆಗೆ ಅಲ್ಲಿ ವಾಸಿಸುವ ಹಕ್ಕನ್ನು ಮಾತ್ರ ಉಳಿಸಿಕೊಂಡಿದ್ದರು.

ಇವರಲ್ಲಿ ಒಬ್ಬಳಾದ ಲೂಯಿಸಾ ಈ ಮನೆಯನ್ನು ಕುರಿತು ಬರೆದ ಪದ್ಯವನ್ನು ಹಳ್ಳಿಗರ ಮುಗ್ಧ ರಚನೆಯೆಂದು ಮೆಚ್ಚಿ ಬದಿಗಿಡುವುದು ಸುಲಭ. ಕಾಗುಣಿತ ತಪ್ಪಿದೆ, ಛಂದಸ್ಸು ಕುಂಟುತ್ತದೆ. ಮೊದಲ ನುಡಿಗಳ ಬಾಲ್ಯಸ್ಮರಣೆಯೂ ಸಾಮಾನ್ಯವಾದುದೇ. ಆದರೆ ಠೀವಿಯ ಉಡುಪಿನ ವನಾಧಿಕಾರಿ ಪ್ರವೇಶಿಸಿದೊಡನೆ ಧ್ವನಿ ಬೇರೆಯಾಗುತ್ತದೆ. ಬೆಟ್ಟದ ಬಡವರ ಮನೆ ಹೋಗಲಿ, ತೋಳ ಸಿಂಹ ಕರಡಿಗಳಿಗೆ ಮನೆಯಾಗಲಿ ಎಂಬುದು ಅವನ ಇಚ್ಛೆಯೆಂದು ಈಕೆ ಹೇಳುತ್ತಾಳೆ. (ಸಿಂಹವೆಂದರೆ ಆ ಬೆಟ್ಟಗಳ ಪ್ಯೂಮಾ.) ಮುಂದಿನದೇ ಪದ್ಯದ ಜೀವಾಳ. ಭೂಮಿಯ ಒಡೆತನಕ್ಕೆ ಸಲ್ಲುವ ಕಾನೂನಿನ ಪದವನ್ನೇ ಎತ್ತಿಕೊಂಡು, ತಮ್ಮಲ್ಲನೇಕರಿಗೆ ಸ್ವರ್ಗನಗರದಲ್ಲಿ ಕದಲದ ಹಕ್ಕುಪತ್ರವಿದೆಯೆನ್ನುತ್ತಾಳೆ. ಆ ಬಾಗಿಲನ್ನು ಮೃಗಗಳು ದಾಟಲಾರವು, ವನಾಧಿಕಾರಿಯೂ ಅಲ್ಲಿ ಮನೆ ಕಸಿಯಲಾರ. ಭಕ್ತಿಗೀತೆಗಳಲ್ಲಿ ಸವೆದುಹೋದ ಸ್ವರ್ಗದ ರೂಪಕಕ್ಕೆ ಇಲ್ಲಿ ನ್ಯಾಯಾಲಯದ ಬಿರುಸು ಬಂದಿದೆ. ಅಧಿಕಾರಿಯನ್ನು ಮೃಗಗಳ ಸಾಲಿಗೆ ಸೇರಿಸಿದವಳನ್ನು ಮುಗ್ಧೆಯೆಂದು ಕರೆಯುವುದು ಹೇಗೆ?

ಪದ್ಯದ ಜೊತೆಗೆ ಓದಬೇಕಾದುದು 1953ರ ಒಂದು ಕಾಗದ. ಆ ವೇಳೆಗೆ ಮನೆಯಲ್ಲಿ ಉಳಿದಿದ್ದವರು ಇಬ್ಬರೇ. ಒಬ್ಬಳಿಗೆ 70 ವರ್ಷ, ಇನ್ನೊಬ್ಬಳಿಗೆ 82. ಇಷ್ಟು ಜನರನ್ನು ಬರಮಾಡಿಕೊಳ್ಳಲು ತಮ್ಮಿಂದಾಗದು, ಹೆದ್ದಾರಿಯಲ್ಲಿ ತಮ್ಮ ಹೆಸರಿನ ಫಲಕವನ್ನು ದಯವಿಟ್ಟು ತೆಗೆಸಬೇಕು, ಎಂದು ವನದ ಮೇಲಧಿಕಾರಿಗೆ ಬರೆದುಕೊಂಡರು. ಮನೆಯನ್ನು ಕಿತ್ತುಕೊಂಡಾರೆಂದು ಪದ್ಯ ಅಂಜಿತ್ತು. ಮನೆಯೊಡನೆ ತಾವೂ ಪ್ರದರ್ಶನದ ವಸ್ತುವಾಗುವೆವೆಂಬುದು ಅದಕ್ಕೆ ಹೊಳೆದಿರಲಿಲ್ಲ. 1964ರಲ್ಲಿ ಲೂಯಿಸಾ ತೀರಿಕೊಂಡಳು. ಬರಿದಾದ ಮನೆ 1976ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.